ಹುಲಿಕೆರೆ ಕಲ್ಯಾಣಿಯಲ್ಲಿ ಹೊಡೆದ ಫ್ಲ್ಯಾಶ್

ದೆವ್ವ, ಗಾಳಿ ಅಂದವರನ್ನು ನಾನು ಯಾವತ್ತೂ ನಂಬಿದವನಲ್ಲ. ಮದುವೆ ಫೋಟೋದಲ್ಲಿ ಯಾರದೋ ನೆರಳು ಬಿದ್ದಿದೆ ಎಂದು ಗಾಬರಿಯಿಂದ ಅರಸೀಕೆರೆಯ ನಮ್ಮ ಸ್ಟುಡಿಯೋಗೆ ಬಂದವರನ್ನು, ‘ಲೆನ್ಸ್ ಮೇಲೆ ಧೂಳು ಕೂತಿತ್ತು ಸ್ವಾಮಿ’ ಎಂದು ನಕ್ಕು ಕಳಿಸುತ್ತಿದ್ದೆ. ನನಗೇ ಹೀಗೊಂದು ಆದ ಮೇಲೆ ಹಾಗೆ ನಗಲು ಆಗುವುದಿಲ್ಲ.

ಸ್ಟುಡಿಯೋ ನನ್ನದೂ ಗೆಳೆಯ ರುದ್ರೇಶನದೂ. ಮದುವೆಗಳಿಗೆ ಇಬ್ಬರೂ ಹೋಗುತ್ತಿದ್ದೆವು. ದೂರದಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಫ್ಲ್ಯಾಶ್. ನಮ್ಮಿಬ್ಬರ ಕ್ಯಾಮೆರಾಗಳ ತಲೆಯ ಮೇಲೂ ಬೆಂಕಿಪೊಟ್ಟಣದಂಥ ಒಂದೊಂದು ಟ್ರಿಗರ್. ಯಾರು ಒತ್ತಿದರೂ ವೈರಿಲ್ಲದೆ ಆ ಫ್ಲ್ಯಾಶ್ ಹೊಡೆಯುತ್ತಿತ್ತು. ಛತ್ರದ ಗದ್ದಲದಲ್ಲಿ ನನ್ನನ್ನು ಕರೆಯಬೇಕಾದರೆ ರುದ್ರೇಶ ಫೋನ್ ಮಾಡುತ್ತಿರಲಿಲ್ಲ. ಟ್ರಿಗರಿನ ಗುಂಡಿಯನ್ನು ಎರಡು ಸಲ ಒತ್ತುತ್ತಿದ್ದ. ‘ಬಾರ್ಲಾ ಇಲ್ಲಿ’ ಅಂತ ಅದರ ಅರ್ಥ. ಊಟದ ಎಲೆ ಮುಂದೆ ಕೂತಿದ್ದರೂ ಎದ್ದು ಹೋಗುತ್ತಿದ್ದೆ.

ಎದೆನೋವು ಬಂದು ಅವನು ಹಠಾತ್ತಾಗಿ ಹೋಗಿಬಿಟ್ಟ. ಕಣಕಟ್ಟೆಯ ಅವರ ತೆಂಗಿನ ತೋಟದಲ್ಲಿ ಸಮಾಧಿ ಮಾಡುವಾಗ ಅವನ ಹೆಂಡತಿ ಗಿರಿಜಾ ವಿಭೂತಿ, ಬಿಲ್ವಪತ್ರೆಯ ಜೊತೆಗೆ ಅವನ ಟ್ರಿಗರನ್ನೂ ಮಡಿಲಲ್ಲಿ ಇಡಿಸಿದಳು. ಕಣ್ಣಾರೆ ನೋಡಿದ್ದೇನೆ. ಮಣ್ಣು ಹಾಕಿದವರಲ್ಲಿ ನಾನೂ ಒಬ್ಬ.

ಕೆಲವು ತಿಂಗಳ ಮೇಲೆ, ಮದುವೆ ಗೊತ್ತಾಗಿದ್ದ ಜೋಡಿಯೊಂದರ ಫೋಟೋ ತೆಗೆಯಲು ಹಳೇಬೀಡಿನ ಪಕ್ಕದ ಹುಲಿಕೆರೆಗೆ ಹೋದೆ. ಹೊತ್ತು ಮುಳುಗುತ್ತಿತ್ತು. ಕಲ್ಯಾಣಿಯ ಆಚೆ ಮೆಟ್ಟಿಲ ಮೇಲೆ ಅದೇ ಫ್ಲ್ಯಾಶ್ ನಿಲ್ಲಿಸಿ, ಈಚೆ ಮೆಟ್ಟಿಲಲ್ಲಿ ಹುಡುಗ ಹುಡುಗಿಯನ್ನು ಕೂರಿಸಿದೆ. ನಾನಿನ್ನೂ ಕ್ಯಾಮೆರಾ ಎತ್ತಿರಲಿಲ್ಲ, ಫ್ಲ್ಯಾಶ್ ಹೊಡೆಯಿತು. ಎರಡು ಸಲ.

ನನ್ನ ಟ್ರಿಗರ್ ಕೆಟ್ಟಿರಬೇಕೆಂದು ಆಫ್ ಮಾಡಿದೆ. ಮತ್ತೆ ಎರಡು ಸಲ ಹೊಡೆಯಿತು. ಟ್ರಿಗರಿನ ಸೆಲ್ಲುಗಳನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನೀರೆಲ್ಲ ಬೆಳ್ಳಗಾಯಿತು, ಸುತ್ತಲಿನ ಪುಟ್ಟ ಗುಡಿಗಳು ಕಂಡು ಮರೆಯಾದವು. ಈಗಲೂ ಎರಡೇ ಸಲ. ಬೇರೆ ಯಾರಾದರೂ ಕ್ಯಾಮೆರಾದವರು ಬಂದಿದ್ದಾರೋ ಎಂದು ಮೇಲೆ ಹತ್ತಿ ನೋಡಿದೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ.

‘ಅಣ್ಣ, ಆ ಕಡೆ ಯಾರಿದಾರೆ? ನಿಮ್ಮನ್ನ ಕರೀತಿರೋ ಹಂಗಿದೆ’ ಎಂದಳು ಹುಡುಗಿ, ಏನೂ ಅರಿಯದೆ.

ಆಚೆ ಮೆಟ್ಟಿಲಿಗೆ ಸುತ್ತಿಕೊಂಡು ಹೋಗಲು ಎಷ್ಟು ಹೊತ್ತು ಬೇಕು? ಹೋಗಲಿಲ್ಲ. ಅದು ತಾನಾಗಿ ನಿಂತ ಮೇಲೆ ಮದುಮಗನನ್ನೇ ಕಳಿಸಿ ಫ್ಲ್ಯಾಶ್ ತರಿಸಿಕೊಂಡೆ. ರುದ್ರೇಶ ಬದುಕಿದ್ದಾಗ ಇನ್ನೊಮ್ಮೆ ಕರೆಸಿಕೊಂಡವನಲ್ಲ ನಾನು. ಆ ಸಂಜೆ ಮಾತ್ರ ಅಷ್ಟು ಸಲ ಕರೆದರೂ ಕಲ್ಲಿನ ಹಾಗೆ ನಿಂತುಬಿಟ್ಟೆ.

ಫ್ಲ್ಯಾಶನ್ನೂ ನನ್ನ ಟ್ರಿಗರನ್ನೂ ಹಾಸನದ ರಿಪೇರಿಯವರಿಗೆ ತೋರಿಸಿದೆ. ಎಲ್ಲ ಬಿಚ್ಚಿ ನೋಡಿ, ಏನೂ ದೋಷವಿಲ್ಲ ಎಂದರು. ಮಣ್ಣಲ್ಲಿಟ್ಟ ಆ ಟ್ರಿಗರಿನ ಸಿಗ್ನಲ್ಲು ಒಂದು ಛತ್ರ ದಾಟಿದರೆ ಹೆಚ್ಚು. ಕಣಕಟ್ಟೆ ಎಲ್ಲಿ, ಹುಲಿಕೆರೆ ಎಲ್ಲಿ!

ಬಹಳ ದಿನ ಬಾಯಿ ಬಿಡದೆ ಇದ್ದು, ಕೊನೆಗೆ ಗಿರಿಜಾಳಿಗೆ ಹೇಳಿದೆ. ಅತ್ತಾಳು ಎಂದುಕೊಂಡಿದ್ದೆ. ಅಳಲಿಲ್ಲ. ಸುಮ್ಮನೆ ತೋಟದ ಕಡೆ ನೋಡುತ್ತಾ, ‘ಹೊಸ ಸೆಲ್ಲು ಹಾಕೇ ಇಟ್ಟಿದ್ದೆ ಕಣಣ್ಣ’ ಎಂದಳು. ಆಮೇಲೆ ಮೆಲ್ಲಗೆ, ‘ಒಂದ್ಸಲ ಹೋಗಿ ನೋಡ್ಬಾರ್ದಿತ್ತಾ?’

ಆಮೇಲೆ ಎಷ್ಟೋ ಸಂಜೆ ಹುಲಿಕೆರೆಗೆ ಹೋಗಿ, ಫ್ಲ್ಯಾಶ್ ಪಕ್ಕದಲ್ಲೇ ಆಚೆ ಮೆಟ್ಟಿಲಲ್ಲಿ ಕೂತು ಬಂದಿದ್ದೇನೆ. ಈಗ ಅದು ನಾನು ಒತ್ತಿದಾಗ ಮಾತ್ರ ಹೊಡೆಯುತ್ತದೆ.