ಮೂರನೇ ಬೇಸ್‌ನಲ್ಲಿ ನಿಂತವರು

ಎಡಿಸನ್ ಊರಿನ ನಮ್ಮ ಭಾನುವಾರದ ಬೇಸ್‌ಬಾಲ್ ತಂಡದಲ್ಲಿ ಮೂರನೇ ಬೇಸ್ ಕಾಯುತ್ತಿದ್ದವನ ಕೆನ್ನೆಯ ಮೂಳೆ ಚೆಂಡು ಬಡಿದು ಮುರಿದ ಮೇಲೆ ಆ ಜಾಗಕ್ಕೆ ನನ್ನನ್ನು ಹಾಕಿದರು. ಬ್ಯಾಟರ್ ಓಡಿ ಮುಟ್ಟಬೇಕಾದ ಗುರುತುಗಳಲ್ಲಿ ಅದು ಮೂರನೆಯದು; ಬಲಗೈ ಬ್ಯಾಟರ್ ಬೀಸಿ ಹೊಡೆದರೆ ಚೆಂಡು ನುಗ್ಗುವುದು ಅಲ್ಲಿಗೇ. ಪೆಟ್ಟು ತಿಂದವನ ಮುಖದಿಂದ ರಕ್ತ ಸುರಿದದ್ದನ್ನು ಹತ್ತು ಹೆಜ್ಜೆ ದೂರದಿಂದ ಕಂಡಿದ್ದೆ. ಆ ವಾರವಿಡೀ ಆಫೀಸಿನ ಮೀಟಿಂಗ್‌ಗಳಲ್ಲೂ ನನ್ನ ಕೈ ತಾನಾಗಿ ಕೆನ್ನೆಗೆ ಹೋಗುತ್ತಿತ್ತು.

ಆಟದ ದಿನ ಬೆಂಚಿನಲ್ಲಿ ಸ್ಕೋರ್ ಬರೆಯುವ ಅಂಕಲ್ ಪಕ್ಕ ಕೂತೆ. ಮೈಸೂರಿನವರು, ತಂಡ ಕಟ್ಟಿದವರಲ್ಲಿ ಒಬ್ಬರು. ಮಾತಾಡುತ್ತಿದ್ದರೆ ಹೆದರಿಕೆ ಕಡಿಮೆಯಾದೀತೆಂಬ ಆಸೆಯಿಂದ ಕೇಳಿದೆ: "ಇಲ್ಲೀವರ್ಗೂ ಆ ಜಾಗದಲ್ಲಿ ನಿಂತವರಲ್ಲಿ ಯಾರು ಬೆಸ್ಟ್ ಅಂಕಲ್?"

"ಮೊದಲನೆಯವನು ಥ್ರೋ ಮಾಡಿದ್ರೆ ಗುಂಡು ಹೊಡ್ದಂಗೆ. ಆದ್ರೆ ಬಗ್ತಾನೇ ಇರ್ಲಿಲ್ಲ, ಕಾಲ ಸಂದೀಲಿ ಎಷ್ಟು ಬಾಲ್ ಬಿಟ್ಟ! ಈಗ ಪೆಟ್ಟು ತಿಂದನಲ್ಲ, ಅವನು ಚುರುಕು. ಆದ್ರೂ ಬೆಸ್ಟ್ ಅಂದ್ರೆ ಮಧ್ಯೆ ನಾಲ್ಕು ವರ್ಷ ಆಡಿದ ಡೆಂಟಿಸ್ಟಮ್ಮ."

"ಅವರಿಗೆ ಭಯ ಇರ್ಲಿಲ್ವಾ?"

"ನಡುಗೋರು ಕಣಪ್ಪ. ಆಟಕ್ಕೆ ಮುಂಚೆ ಕಾರ್ ಹಿಂದೆ ಹೋಗಿ ವಾಂತಿ ಮಾಡ್ಕೊಂಡು ಬರೋರು. ಆದ್ರೆ ಬಾಲ್ ಬಂದಾಗ ಕಣ್ಣು ಮುಚ್ತಿರ್ಲಿಲ್ಲ."

ಇದರಿಂದ ಸಮಾಧಾನವೇನೂ ಆಗಲಿಲ್ಲ. 

ಎರಡನೇ ಇನಿಂಗ್‌ನಲ್ಲಿ ಚೆಂಡು ನನ್ನತ್ತ ಬಂತು. ಬ್ಯಾಟಿನ ಸದ್ದು ಕೇಳಿದ್ದಷ್ಟೇ, ಕಣ್ಣು ಮುಚ್ಚಿ ಮುಖ ತಿರುಗಿಸಿಬಿಟ್ಟೆ. ಚೆಂಡು ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಯಿತು. ಎದುರಾಳಿಗಳಿಗೆ ಎರಡು ರನ್. ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಕೊನೆಯ ಇನಿಂಗ್‌ನಲ್ಲಿ ಅದೇ ದಾಂಡಿಗ ಮತ್ತೆ ಬಂದು ನಿಂತ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. 

"ಕಣ್ಣು!" ಎಂದು ಬೆಂಚಿನಿಂದ ಅಂಕಲ್ ಕೂಗಿದರು.

ಈ ಸಲ ಚೆಂಡು ನೆಲಕ್ಕೆ ಬಡಿದು ಪುಟಿಯಿತು. ಅದು ಹತ್ತಿರ ಬರುವುದನ್ನು ನೋಡುತ್ತಲೇ ಇದ್ದೆ. ಗ್ಲೌವ್ ಎತ್ತುವಷ್ಟರಲ್ಲಿ ಎದೆಗೆ ಬಡಿದು ಕಾಲ ಬಳಿ ಬಿತ್ತು. ಉಸಿರೇ ಹೊರಡಲಿಲ್ಲ. ಹೇಗೋ ಹೆಕ್ಕಿ ಫಸ್ಟ್ ಬೇಸಿಗೆ ಎಸೆದೆ; ದಾಂಡಿಗ ಓಡಿ ಮುಟ್ಟುವ ಮೊದಲೇ ಚೆಂಡು ಅಲ್ಲಿಗೆ ತಲುಪಿತು. ಔಟ್.

ಆಟ ಸೋತೆವು, ನಾನು ಬಿಟ್ಟ ಆ ಎರಡು ರನ್ನಿನಿಂದಲೇ. ಪಾರ್ಕಿಂಗ್ ಲಾಟಿನಲ್ಲಿ, ಆಟ ನೋಡಲು ಬಂದಿದ್ದ ಹೆಂಡತಿ ಕೀ ಕಿತ್ತುಕೊಂಡಳು.

"ನಾನೇ ಡ್ರೈವ್ ಮಾಡ್ತೀನಿ. ನಿಮ್ಮ ಕೈ ನೋಡ್ಕೊಳ್ಳಿ."

ಎರಡೂ ಅದುರುತ್ತಿದ್ದವು. ತೊಡೆಯ ಕೆಳಗಿಟ್ಟುಕೊಂಡು ಕೂತೆ. ಸಿಗ್ನಲ್ಲಿನಲ್ಲಿ ಅವಳು ಕೇಳಿದಳು: "ಮುಂದಿನ ವಾರಾನೂ ಹೋಗ್ತೀರಾ?"

"ಹೂಂ," ಅಂದೆ. ಅಂದ ಕೂಡಲೇ ತೊಡೆಯ ಕೆಳಗಿನಿಂದ ಒಂದು ಕೈ ತಾನಾಗಿ ಕೆನ್ನೆಗೆ ಹೋಯಿತು.