ಮುಚ್ಚಿದರೆ ಅಳಿಸಿಹೋಗುವ ಬ್ರೌಸರ್

ಅಮ್ಮನಿಗೆ ಹೊಟ್ಟೆಯಲ್ಲಿ ಹುಣ್ಣು ಎಂದು ಹೇಳಿದವಳು ನಾನು. ಬೆಂಗಳೂರಿನ ಡಾಕ್ಟರು ಅವಳನ್ನು ಹೊರಗೆ ಕೂರಿಸಿ, ನನ್ನನ್ನೂ ಸೋದರಮಾವನನ್ನೂ ಒಳಗೆ ಕರೆದು ಹೇಳಿದ್ದು ಬೇರೆಯೇ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಆಪರೇಷನ್ನಿನ ಹಂತ ದಾಟಿದೆ, ನೋವಿಗೆ ಮಾತ್ರೆ ಕೊಡಬಹುದು, ಅಷ್ಟೆ. ಹೊರಗೆ ಬರುವ ಮುಂಚೆ ಮಾವ ನನ್ನ ಕೈ ಹಿಡಿದುಕೊಂಡರು. "ವದ್ದಮ್ಮಾ, ಬ್ಯಾಡ, ಅಕ್ಕಂಗೆ ಹೇಳ್ಬ್ಯಾಡ. ಗೊತ್ತಾದ್ರೆ ಇರೋ ನಾಕು ದಿನಾನೂ ಕೊರಗಿ ಕೊರಗಿ ಹೋಗ್ಬುಡ್ತಾಳೆ ಕಣಮ್ಮ." ನಮ್ಮ ಕಡೆ ಇದೇ ರೂಢಿ. ಕಾಯಿಲೆಯ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಅದನ್ನು ಅನುಭವಿಸುವವರೊಬ್ಬರನ್ನು ಬಿಟ್ಟು.

ಅಮ್ಮನಿಂದ ಏನನ್ನಾದರೂ ಮುಚ್ಚಿಡುವುದು ಸುಲಭವೇ? ಕಲ್ಯಾಣದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲುಗಳ ಕಾಲದಲ್ಲಿ ಊರಿನ ಸಾವು, ಸಂಬಂಧ, ಜಗಳ ಎಲ್ಲ ಮೊದಲು ಅವಳ ಕಿವಿಗೇ ಬೀಳುತ್ತಿದ್ದವು. ಮನೆಗೆ ಬಂದು ಒಂದನ್ನೂ ಬಾಯಿಬಿಟ್ಟವಳಲ್ಲ. ನಿವೃತ್ತಳಾಗಿ ಹಿಂದೂಪುರಕ್ಕೆ, ನನ್ನ ಬಾಡಿಗೆ ಮನೆಗೆ ಬಂದ ಮೇಲೆ ಕಂಪ್ಯೂಟರ್ ಕಲಿತಳು. ಲೇಪಾಕ್ಷಿಯ ಒಂದು ಶಾಲೆಯಲ್ಲಿ ನಾನು ಹೇಳಿಕೊಡುತ್ತಿದ್ದುದೂ ಅದನ್ನೇ. ನನ್ನ ಶಾಲೆಯ ಮಕ್ಕಳಿಗಿಂತ ಅಮ್ಮನೇ ಬೇಗ ಕಲಿತಳು. ನಾನು ಬಸ್ಸು ಹತ್ತುವಷ್ಟರಲ್ಲಿ ಅವಳು ತೆಲುಗು ಪೇಪರನ್ನು ಪರದೆಯ ಮೇಲೆ ತೆರೆದುಕೊಂಡು ಕೂತಿರುತ್ತಿದ್ದಳು.

ನನಗೋ ಆ ಕಾಯಿಲೆಯ ಬಗ್ಗೆ ಓದದೆ ಇರಲಾಗುತ್ತಿರಲಿಲ್ಲ. ಮನೆಯಲ್ಲಿದ್ದುದು ಒಂದೇ ಕಂಪ್ಯೂಟರ್. ಅದರ ಹಳೆಯ ಬ್ರೌಸರಿಗೆ ಗುಟ್ಟು ಎಂಬುದೇ ಗೊತ್ತಿಲ್ಲ. ಒಂದಕ್ಷರ ಒತ್ತಿದರೆ ಹಿಂದೆ ನೋಡಿದ್ದನ್ನೆಲ್ಲ ಕೆಳಗೆ ಸಾಲಾಗಿ ಇಳಿಸಿ ಮಾನ ಕಳೆಯುತ್ತಿತ್ತು. ಪ್ರತಿ ಸಲವೂ ಕೈಯಾರೆ ಅಳಿಸಬೇಕು, ನನ್ನ ಮರೆವಿಗೆ ಅದು ಆಗದ ಕೆಲಸ. ಶಾಲೆಯ ಲ್ಯಾಬಿನಲ್ಲಿ ಬಿಡುವಾದಾಗ ಬೇರೆ ಬೇರೆ ಬ್ರೌಸರುಗಳನ್ನು ಹಾಕಿ ನೋಡಿದೆ. ಒಂದು ಚುರುಕಾಗಿತ್ತು, ಆದರೆ ಅದೂ ಎಲ್ಲವನ್ನೂ ನೆನಪಿಟ್ಟುಕೊಳ್ಳುವಂಥದ್ದೇ. ಇನ್ನೊಂದರಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಒಂದು ಟಿಕ್ ಹಾಕಿದರೆ ಸಾಕು, ಮುಚ್ಚಿದ ತಕ್ಷಣ ನೋಡಿದ ಪುಟ, ಹುಡುಕಿದ ಪದ ಎಲ್ಲವನ್ನೂ ತಾನೇ ಅಳಿಸಿಬಿಡುತ್ತಿತ್ತು. ತುಸು ನಿಧಾನ. ಇರಲಿ, ನನಗೇನು ಓಟದ ಪಂದ್ಯವಿತ್ತೇ? ಅದನ್ನೇ ಪೆನ್‌ಡ್ರೈವಿನಲ್ಲಿ ಮನೆಗೆ ತಂದೆ.

ಭಾನುವಾರ ಅಮ್ಮ ಸ್ನಾನಕ್ಕೆ ಹೋದಾಗ ಹೊಸದನ್ನು ಹಾಕಿದೆ. ಬೆಂಗಳೂರಿನಿಂದ ಬಂದ ದಿನ ತಡೆಯಲಾರದೆ ಹಳೆಯದರಲ್ಲೇ ಒಂದು ಪುಟ ನೋಡಿದ್ದೆ, ಅದನ್ನು ಅಳಿಸೋಣವೆಂದು ಹಿಸ್ಟರಿ ತೆರೆದೆ. ನನ್ನದು ಒಂದೇ ಪುಟ. ಉಳಿದವೆಲ್ಲ ನಾನು ಶಾಲೆಯಲ್ಲಿರುವ ಹೊತ್ತಿನವು. ಮೊದಲು ಮಾತ್ರೆಯ ಹೆಸರು. ಆಮೇಲೆ ಕಾಯಿಲೆಯ ಹೆಸರು, ಇಂಗ್ಲಿಷಿನಲ್ಲಿ, ಒಂದಕ್ಷರ ತಪ್ಪಿಲ್ಲದೆ. ಆಮೇಲೆ, ಇದು ಬಂದವರು ಎಷ್ಟು ಕಾಲ ಇರುತ್ತಾರೆ ಎಂಬುದು. ಕೊನೆಕೊನೆಗೆ ಒಂದೇ ಪ್ರಶ್ನೆಯನ್ನು ಹಿಂದುಮುಂದು ಮಾಡಿ ಹಲವು ಸಲ ಕೇಳಿದ್ದಳು: ಮಗಳಿಗೆ ಹೇಗೆ ಹೇಳುವುದು?

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅಳುವಿಗಿಂತ ಮುಂಚೆ ಸಿಟ್ಟು ಬಂತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಎಲ್ಲವನ್ನೂ ಅಳಿಸಿ, ಹಳೆಯ ಬ್ರೌಸರನ್ನು ಪರದೆಯಿಂದ ತೆಗೆದು, ಅದರ ಜಾಗದಲ್ಲಿ ಹೊಸದನ್ನು ಇಟ್ಟೆ. ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಹಳೇದು ತೆಗ್ದ್ಬುಟ್ಟೆ ಕಣಮ್ಮ. ಇದನ್ನ ಮುಚ್ಚಿದ್ರೆ ಸಾಕು, ಏನ್ ನೋಡಿದ್ರೂ ಉಳಿಯಲ್ಲ," ಎಂದೆ. ಅವಳ ಮುಖ ನೋಡಲಿಲ್ಲ.

ಅಮ್ಮ ಟವೆಲಿನ ತುದಿಯಿಂದ ಕಿವಿ ಒರೆಸಿಕೊಂಡಳು. ಆಮೇಲೆ ಕೇಳಿದಳು, "ನೀನೂ ಇದ್ರಾಗೇ ನೋಡ್ತೀಯಾ?"

"ಹೂಂ."

"ಸರಿ ಬುಡು. ಇಬ್ರುಗೂ ಒಂದೇ ಇರ್ಲಿ." ಅಷ್ಟಂದು ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಅವತ್ತಿಗೆ ಇಬ್ಬರಿಗೂ ಎಲ್ಲ ತಿಳಿದಂತಾಯಿತು. ಆದರೂ ಮಾತಿನಲ್ಲಿ ಅದು ಹುಣ್ಣಾಗಿಯೇ ಉಳಿಯಿತು. "ಹುಣ್ಣು ಹೆಂಗೈತಮ್ಮ?" ಎಂದು ನಾನು ಕೇಳುವುದು, "ಇವತ್ತು ವಾಸಿ" ಎಂದು ಅವಳು ಹೇಳುವುದು. ಹಗಲು ಅವಳು, ಸಂಜೆ ನಾನು, ಅದೇ ಕುರ್ಚಿಯಲ್ಲಿ ಕೂತು ಓದುತ್ತಿದ್ದೆವು. ಏಳುವ ಮೊದಲು ಮುಚ್ಚುತ್ತಿದ್ದೆವು. ಮಾವ ಬಂದರೆ ಸಾಕು, "ಹುಣ್ಣು ತಾನೇ, ಖಾರ ಬುಟ್ರೆ ಹೋಯ್ತದೆ" ಎಂದು ಅಮ್ಮನೇ ಅವರಿಗೆ ಸಮಾಧಾನ ಹೇಳಿ ಕಳಿಸುತ್ತಿದ್ದಳು.

ಕೊನೆಗೆ ಕಲ್ಯಾಣದುರ್ಗಕ್ಕೆ, ಮಾವನ ಮನೆಗೆ ಹೋಗೋಣ ಎಂದಳು. ಹೊರಡುವ ದಿನ ನಾನು ಬಟ್ಟೆ ತುಂಬುತ್ತಿರುವಾಗ ಗೋಡೆ ಹಿಡಿದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಬಾಗಿಲಿನಿಂದ ಬೆನ್ನು ಮಾತ್ರ ಕಾಣುತ್ತಿತ್ತು. ಏನನ್ನೋ ಬಹಳ ಹೊತ್ತು ಓದಿದಳು, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹತ್ತಿರ ಹೋಗಲಿಲ್ಲ. ಕಾರು ಬಂತು ಎಂದಾಗ ಮುಚ್ಚಿ ಎದ್ದಳು.

ಅಲ್ಲಿಯೇ ತೀರಿಕೊಂಡಳು. ಕಾರ್ಯವೆಲ್ಲ ಮುಗಿಸಿ ಹಿಂದೂಪುರಕ್ಕೆ ಬಂದವಳು ಚೀಲವನ್ನು ಬಾಗಿಲಲ್ಲೇ ಬಿಟ್ಟು ಕಂಪ್ಯೂಟರ್ ಆನ್ ಮಾಡಿದೆ. ಆ ದಿನ ಅವಳು ಅಳುತ್ತಾ ಓದಿದ್ದು ಏನು ಎಂದು ನನಗೆ ತಿಳಿಯಬೇಕಿತ್ತು. ಕೀಬೋರ್ಡಿನ ಅಕ್ಷರಗಳನ್ನೆಲ್ಲ ಒಂದೊಂದಾಗಿ ಒತ್ತಿದೆ. ಯಾವುದರ ಕೆಳಗೂ ಏನೂ ಇಳಿಯಲಿಲ್ಲ. ಅಷ್ಟೆಲ್ಲ ಪರೀಕ್ಷೆ ಮಾಡಿ ನಾನೇ ಆರಿಸಿ ತಂದದ್ದು, ಹೇಳಿದ ಕೆಲಸ ಮಾಡಿತ್ತು. ಆ ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ ಬಂದು, ಏನಮ್ಮ ಓದ್ತಿದ್ದೀಯ ಎಂದು ಕೇಳಿದ್ದರೆ ಹೇಳುತ್ತಿದ್ದಳೇನೋ.