ಉತ್ತರಕ್ಕೆ ಹರಿಯುವ ನದಿಯ ಮೇಷ್ಟ್ರು

ಮೊನ್ನೆ ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ದೋಸೆಹಿಟ್ಟು ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆಲ್ಲ ಹರಡಿತ್ತು. ಹುಳಿವಾಸನೆ ಮೂಗಿಗೆ ಬಡಿಯಿತು. ಒರೆಸುವುದು ಬಿಟ್ಟು, ಅದು ಯಾವ ಕಡೆ ಸಾಗುತ್ತಿದೆ ಎಂದು ನೋಡುತ್ತ ನಿಂತೆ. ಹೆಂಡತಿ ನಕ್ಕಳು. ಅವಳಿಗೂ ಮೇಷ್ಟ್ರೇ ನೆನಪಾಗಿರಬೇಕು...

ಡಾಟ್‌ಕಾಂ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲದಲ್ಲಿ ನಾವು ನೆವಾರ್ಕ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಕೆಳಗಿನ ಮನೆಯಲ್ಲಿ ಮಗಳ ಜೊತೆ ಮೇಷ್ಟ್ರು ಇದ್ದರು. ಹಾಸನದ ಕಡೆಯವರು. ದೂರದ ಫಾರ್ಗೋ ಊರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಮಣ್ಣಿನ ಪಾಠ ಹೇಳಿ ನಿವೃತ್ತರಾಗಿದ್ದರು. ಅಲ್ಲಿಯ ರೆಡ್ ನದಿಯೆಂದರೆ ಅವರಿಗೆ ಪ್ರಾಣ. ಸಂಜೆ ವಾಕಿಂಗ್ ಹೊರಟರೆ ಅದೇ ಮಾತು. ಎರಡು ಸಣ್ಣ ಹೊಳೆಗಳು ಸೇರಿ ಹುಟ್ಟುವ ನದಿ ದಕ್ಷಿಣಕ್ಕೆ ಬೆನ್ನು ಹಾಕಿ, ಗಡಿ ದಾಟಿ, ಕೆನಡಾದ ವಿನಿಪೆಗ್ ಸರೋವರ ಸೇರುತ್ತದೆ. ನದಿಯ ಸುತ್ತಲಿನ ಬಯಲು ಯಾವುದೋ ಕಾಲದ ಮಹಾ ಸರೋವರವೊಂದರ ತಳ. ಅದಕ್ಕೇ ಅಷ್ಟು ಮಟ್ಟಸ, ಮಣ್ಣು ನಮ್ಮ ಎರೆಭೂಮಿಯ ಹಾಗೆ ಕಪ್ಪು. ಇಳಿಜಾರಿಲ್ಲದೆ ನದಿ ಸುತ್ತಿ ಬಳಸಿ ಹೋಗುತ್ತದೆ. ಮೇಷ್ಟ್ರು ಮಾವನ ಮನೆಯ ಸುದ್ದಿ ತೆಗೆದರು ಎಂದು ನಾವು ಹಿಂದಿನಿಂದ ಛೇಡಿಸುತ್ತಿದ್ದೆವು.

ಆಮೇಲೆ ನನ್ನ ಕಂಪನಿ ಮುಚ್ಚಿತು. ಬೇಗ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತಿತ್ತು. ಸಿಕ್ಕಿದ್ದು ಆ ಫಾರ್ಗೋದಲ್ಲೇ! ಗಂಡಹೆಂಡತಿ ಫೋಟೋ ನೋಡಿ ಬಾಡಿಗೆಗೆ ಒಂದು ಮನೆ ಆರಿಸಿದೆವು. ಪೂರ್ವಕ್ಕೆ ನದಿ, ನೀರು ಉತ್ತರಕ್ಕೆ ಹರಿಯುತ್ತದೆ. ಇಂಥ ವಾಸ್ತು ಊರಲ್ಲೂ ಸಿಗದು ಎಂದು ಬೀಗಿದೆವು. ಅಡ್ವಾನ್ಸ್ ಕಳಿಸುವುದಷ್ಟೇ ಬಾಕಿ ಇತ್ತು.

ಫೋಟೋ ತೋರಿಸಿದಾಗ ಮೇಷ್ಟ್ರು ಬೈಯಲಿಲ್ಲ. ನನ್ನ ಹೆಂಡತಿಯ ಹತ್ತಿರ ದೋಸೆಹಿಟ್ಟು, ಅಗಲದ ತಟ್ಟೆ, ಒಂದು ಹುಣಸೆಬೀಜ ಕೇಳಿದರು. ತಟ್ಟೆಯ ಅಡಿಗೆ ಕಾಗದ ಮಡಚಿಟ್ಟು ಮಟ್ಟ ಮಾಡಿ, ಉತ್ತರದ ತುದಿಯಲ್ಲಿ ಐಸ್ ತುಂಡುಗಳನ್ನು ಸಾಲಾಗಿ ಜೋಡಿಸಿದರು. ಬೀಜವೇ ನಮ್ಮ ಮನೆ. ದಕ್ಷಿಣದಿಂದ ಹಿಟ್ಟು ಹೊಯ್ದರು. ಅದು ನಿಧಾನವಾಗಿ ತೆವಳಿ, ಐಸಿಗೆ ತಾಗಿ, ಎರಡೂ ಬದಿಗೆ ಹರಡಿ ಬೀಜವನ್ನು ನುಂಗಿತು.

"ವಸಂತದಲ್ಲಿ ದಕ್ಷಿಣದ ಕಡೆ ಹಿಮ ಮೊದಲು ಕರಗುತ್ತೆ ಕಣಯ್ಯ. ಉತ್ತರದಲ್ಲಿ ನದಿ ಇನ್ನೂ ಗಡ್ಡೆ ಕಟ್ಟಿರುತ್ತೆ. ನೀರು ಎಲ್ಲಿಗೆ ಹೋಗ್ಬೇಕು ಹೇಳು? ವಾಸ್ತು ಬೇಡ ಅನ್ನಲ್ಲ, ನದಿಗೂ ಸ್ವಲ್ಪ ಜಾಗ ಬಿಟ್ಟು ನೋಡ್ಕೊಳ್ಳಿ."

ನದಿಯಿಂದ ದೂರ, ಊರಿನ ಪಶ್ಚಿಮದಲ್ಲಿ ಮನೆ ಹಿಡಿದೆವು. ಎರಡನೆಯ ವಸಂತದಲ್ಲೇ ನದಿ ಏರಿತು. ನಾವು ಬಯಸಿದ್ದ ಮನೆಯ ಕಿಟಕಿಯ ಮಟ್ಟಕ್ಕೆ ನೀರು ನಿಂತಿತ್ತು. ಆಗ ನಮ್ಮ ಮಗಳಿಗೆ ಮೂರು ತಿಂಗಳು. ಫೋನ್ ಮಾಡಿದರೆ ಮೇಷ್ಟ್ರು "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಆ ಮನೆಯಲ್ಲಿದ್ದವರು ಕ್ಷೇಮವೇ ಎಂದು ಕೇಳಿದರು. ಆಮೇಲೆ ನೀರಿನ ಬಣ್ಣ ಕೇಳಿದರು. ಅಂಥ ಮನುಷ್ಯ.

ಅವರು ನನ್ನನ್ನು ಕೇಳಿದ್ದು ಒಂದೇ. ಅಷ್ಟು ವರ್ಷವಿದ್ದೂ ಅವರು ನದಿ ಸರೋವರ ಸೇರುವ ಜಾಗದ ಬಗ್ಗೆ ಓದಿದ್ದರೇ ಹೊರತು ಕಣ್ಣಾರೆ ನೋಡಿರಲಿಲ್ಲ. ಪ್ರತಿ ಬೇಸಿಗೆಯೂ ಹೊಲಗಳ ಕೆಲಸ. ನೀನು ನೋಡಿ ಬಂದು ಹೇಳು ಎಂದಿದ್ದರು. ಮೊದಲು ವೀಸಾದ ಭಯ, ಗಡಿ ದಾಟಿದರೆ ಒಳಗೆ ಬಿಡದಿದ್ದರೆ ಎಂದು. ಗ್ರೀನ್ ಕಾರ್ಡ್ ಬಂದ ಮೇಲೆ ಶುದ್ಧ ಸೋಮಾರಿತನ.

ಅವರು ಹಾಸಿಗೆ ಹಿಡಿದಾಗ ಫೋನಿನಲ್ಲಿ ಮತ್ತೆ ಕೇಳಿದರು. ಹೋಗಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ನೋಡಿದೆ ಎಂದೆ. ನದಿ ಅಗಲವಾಗಿ ಹೋಗಿ ಸೇರುತ್ತದೆ, ಕಣ್ಣು ಹಾಯುವಷ್ಟೂ ತಿಳಿನೀರು ಎಂದೆಲ್ಲ ಬಣ್ಣಿಸಿದೆ.

"ಜೊಂಡು ಇರಲಿಲ್ವೇನಪ್ಪ?"

"ಇಲ್ಲ ಮೇಷ್ಟ್ರೇ, ಎಲ್ಲಾ ನೀರೇ."

"ಚೆನ್ನಾಗಿದೆ ಹಾಗಾದ್ರೆ," ಎಂದು ಮಗುವಿನ ವಿಷಯ ವಿಚಾರಿಸಿದರು. ಮುಂದಿನ ತಿಂಗಳು ಹೋಗಿಬಿಟ್ಟರು.

ನಾವು ಈಗ ಮತ್ತೆ ನೆವಾರ್ಕ್ ಕಡೆಗೇ ಬಂದು, ಹತ್ತಿರದ ಬೆರ್ರಿಯೆಸಾದಲ್ಲಿದ್ದೇವೆ. ಹೋದ ಬೇಸಿಗೆಯಲ್ಲಿ, ಇಷ್ಟು ವರ್ಷಗಳ ಮೇಲೆ, ನದಿ ಸರೋವರ ಸೇರುವ ಆ ಜಾಗಕ್ಕೆ ಹೋಗಿ ಬಂದೆ. ನಿಂತಲ್ಲಿಂದ ನೀರು ಕಾಣಲಿಲ್ಲ. ಆಳೆತ್ತರದ ಜೊಂಡು, ಆಚೆಗೂ ಜೊಂಡೇ... ಜೊಂಡಿತ್ತು ಮೇಷ್ಟ್ರೇ ಎಂದು ಹೇಳಲು ಇನ್ನು ಅವರಿಲ್ಲ.